ಪಿ.ಎಫ್. ಬಿಡಿಸುವ ಮುನ್ನ ಒಂದು ಮಾತು

(ರಾಜಗೋಪಾಲನಗರದ ಯುವಕರ ಮುಂದೆ ಆಡಿದ ಮಾತು)



ಬೆಳಗಿನ ಪಾಳಿಯ ಹೊತ್ತಿಗೆ ನಮ್ಮ ಮುಖ್ಯರಸ್ತೆಯಲ್ಲಿ ನಿಂತು ನೋಡಿ. ಊಟದ ಡಬ್ಬಿ ಹಿಡಿದು ಪೀಣ್ಯದ ಶೆಡ್ಡುಗಳ ಕಡೆ ಹೊರಟವರಲ್ಲಿ ಬಿಹಾರ, ಒಡಿಶಾದ ಹುಡುಗರು ಎಷ್ಟು ಜನ! "ನಮ್ಮ ಕೆಲಸ ಕಿತ್ತುಕೊಂಡರು" ಎಂದು ಗೊಣಗುತ್ತೀರಿ. ನಿಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಒಂದು ಲೆಕ್ಕ ಕೇಳಿ.

ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು? ಐದೋ, ಆರೋ. ನಿಮ್ಮ ಮನೆಯಲ್ಲಿ? ಇಬ್ಬರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ಒಂದು ತಲೆಮಾರಿನ ಜಾಗವನ್ನು ಇನ್ನೊಂದು ಪೂರ್ತಿ ತುಂಬಬೇಕಾದರೆ 2.1 ಬೇಕು. ನಮ್ಮ ತಾಯಂದಿರು ಮಾಡಿದ್ದು ತಪ್ಪಲ್ಲ, ಸಂಸಾರ ತೂಗಿಸಿದರು. ಆದರೆ ಲೇತ್ ಮೆಷಿನ್ ಮುಂದೆ ನಿಲ್ಲಲು ಕೈಗಳು ಬೇಕಲ್ಲ? ಹುಡುಗರು ಕಡಿಮೆಯಾದ ಕಡೆಗೆ ಹುಡುಗರು ಹೆಚ್ಚಿರುವ ಕಡೆಯಿಂದ ಬರುತ್ತಾರೆ.

2011ರ ಜನಗಣತಿಯಲ್ಲೇ ಕರ್ನಾಟಕದ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರು. ಮುಂದೆ ಆ ಸಾಲಿಗೆ ನೀವೇ ಸೇರುತ್ತೀರಿ. ಆಗ ಸಾಕಲು ಆರು ಮಕ್ಕಳಿರುವುದಿಲ್ಲ. ಇದ್ದ ಒಬ್ಬ ಮಗಳು ಮಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾಳೆ.

ಹಾಗಾದರೆ ನಿಮಗೆ ಯಾರು ದಿಕ್ಕು? ಇಲ್ಲಿಯೇ ನೀವು ಮೋಸ ಹೋಗುತ್ತಿರುವುದು!

1995ರ ನವೆಂಬರಿನಲ್ಲಿ ನೌಕರರ ಪಿಂಚಣಿ ಯೋಜನೆ ಬಂತು. ಮಾಲೀಕ ಕಟ್ಟುವ ಪಿ.ಎಫ್. ಪಾಲಿನಲ್ಲಿ ಸಂಬಳದ ನೂರಕ್ಕೆ 8.33ರಷ್ಟು ಅದಕ್ಕೆ ಹೋಗುತ್ತದೆ. ಹತ್ತು ವರ್ಷ ಸೇವೆಯಾದರೆ 58ಕ್ಕೆ ಪಿಂಚಣಿ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 2014ರಲ್ಲಿ ಗೊತ್ತುಮಾಡಿದ 15,000 ರೂಪಾಯಿ ಮಿತಿ ಹಿಡಿದರೆ ಹತ್ತು ವರ್ಷಕ್ಕೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ, ಮೂವತ್ತು ವರ್ಷಕ್ಕೆ ಆರು ಸಾವಿರದ ಮೇಲೆ. ಅದೇ ವರ್ಷ ಕನಿಷ್ಠ ಪಿಂಚಣಿ ಎಂದು ಕೊಟ್ಟದ್ದು 1,000 ರೂಪಾಯಿ. ಪುಡಿಗಾಸು, ನಿಜ. ಅದೂ ಇಲ್ಲದವನ ಗತಿ ಯೋಚಿಸಿ.

ನೀವು ಮಾಡುವುದೇನು? ಕಂಪನಿ ಬಿಟ್ಟ ಕೂಡಲೇ ಪಿ.ಎಫ್. ಬಿಡಿಸುತ್ತೀರಿ. ಬೈಕಿಗೆ ಮುಂಗಡ, ತಂಗಿ ಮದುವೆ, ಮನೆ ಅಡ್ವಾನ್ಸು. ಕಷ್ಟವಿರುತ್ತದೆ, ಗೊತ್ತು. ಆದರೆ ಪಿಂಚಣಿಯ ಪಾಲನ್ನೂ ತೆಗೆದುಕೊಂಡರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಹೊಸ ಕಂಪನಿಯಲ್ಲಿ ಮತ್ತೆ ಒಂದರಿಂದ ಎಣಿಕೆ. ಹಣ ಬಿಡಿಸಬೇಡಿ, ಹೊಸ ಖಾತೆಗೆ ವರ್ಗ ಮಾಡಿಸಿ.

ಇನ್ನು ಗುತ್ತಿಗೆದಾರ. ಇಪ್ಪತ್ತು ಜನರಿದ್ದರೆ ಪಿ.ಎಫ್. ಕಡ್ಡಾಯವೆಂದು ಹತ್ತೊಂಬತ್ತೇ ಹೆಸರು ಬರೆಯುವ ಜಾಣರಿದ್ದಾರೆ. ನಿಮ್ಮನ್ನೂ ಆ ಬಿಹಾರದ ಹುಡುಗನನ್ನೂ ಪಟ್ಟಿಯಿಂದ ಹೊರಗಿಡುವ ಕೈ ಒಂದೇ. ನೀವಿಬ್ಬರೂ ರಸ್ತೆಯಲ್ಲಿ ಜಗಳವಾಡುತ್ತಿದ್ದರೆ ಅವನಿಗೆ ಹಬ್ಬ.

ಮುಂದಿನ ಸಂಬಳದ ದಿನ ಇಬ್ಬರೂ ಜೊತೆಗೆ ಹೋಗಿ. ಅವನಿಗೆ ಕನ್ನಡ ಬಾರದಿದ್ದರೆ ಮೊದಲು ಇಷ್ಟು ಕಲಿಸಿ: "ನನ್ನ ಪಿ.ಎಫ್. ಕಟ್ಟಿದ್ದೀರಾ ಸಾರ್? ಚೀಟಿ ತೋರಿಸಿ."