ಮೆಟ್ಟಿಲಿನ ಮರದ ಹ್ಯಾಂಡ್‌ರೇಲ್‌ಗೆ ಹೊಸ ಪಾಲಿಶ್: ಮೊದಲು ಸ್ಯಾನಿಟೈಸರ್ ಹಚ್ಚಿ ನೋಡಿ

ಇವತ್ತು ಮನೆಯೊಳಗಿನ ಮೆಟ್ಟಿಲಿನ ಮರದ ಹ್ಯಾಂಡ್‌ರೇಲ್ ಬಗ್ಗೆ ಮಾತಾಡೋಣ. ಘೋಡಬಂದರ್ ರಸ್ತೆಯಲ್ಲಿ ಮಾನಪಾಡಾದಿಂದ ಕಾಸರವಡವಲಿವರೆಗೆ ಡ್ಯುಪ್ಲೆಕ್ಸ್, ರೋ ಹೌಸ್‌ಗಳಲ್ಲಿ ಇರೋರಿಗೆ ಇದರ ಕಥೆ ಗೊತ್ತೇ ಇದೆ. ಮಳೆಗಾಲ ಮುಗಿಯೋ ಹೊತ್ತಿಗೆ ಕೈ ಹಿಡಿಯೋ ಜಾಗ ಕಪ್ಪು, ಮುಟ್ಟಿದರೆ ಅಂಟಂಟು, ಅಲ್ಲಲ್ಲಿ ಪದರ ಎದ್ದಿರುತ್ತೆ. ನಾವು ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಅದನ್ನು ಮುಟ್ಟದೇ ಇಳಿದುಬಿಡ್ತೀವಿ. ಊರಿಂದ ಬಂದ ಅಮ್ಮ ಹಾಗಲ್ಲ. ಮಂಡಿ ನೋವಿರೋರು ಮೆಟ್ಟಿಲು ಹತ್ತುವಾಗ ಭಾರ ಹಾಕೋದೇ ಅದರ ಮೇಲೆ.

ಆದ್ದರಿಂದ ಪಾಲಿಶ್ ಡಬ್ಬಿ ತರೋಕೆ ಮುಂಚೆ ರೇಲನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಬ್ರ್ಯಾಕೆಟ್ ಸಡಿಲ ಇದ್ದರೆ ಮೊದಲು ಅದನ್ನು ಸರಿ ಮಾಡಿ. ಗೋಡೆಯ ತೂತು ದೊಡ್ಡದಾಗಿದ್ದರೆ ಅದೇ ಸ್ಕ್ರೂ ಮತ್ತೆ ತಿರುಗಿಸಿ ಪ್ರಯೋಜನ ಇಲ್ಲ, ಹೊಸ ಪ್ಲಗ್ ಬೇಕು.

ಆಮೇಲೆ, ಈಗ ಮೇಲಿರೋದು ಯಾವ ಪಾಲಿಶ್ ಅಂತ ತಿಳ್ಕೊಳ್ಳಿ. ರೇಲಿನ ಅಡಿಭಾಗದಲ್ಲಿ, ಕಾಣದ ಕಡೆ, ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಮೆತ್ತಗಾಗಿ ಹತ್ತಿ ಅಂಟಿಕೊಂಡರೆ ಅದು ಅರಗು, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಹೆಚ್ಚಾಗಿ ಮೆಲಮೈನ್ ಅಥವಾ ಪಿಯು.

ಅರಗು ಕೆಟ್ಟ ವಸ್ತು ಅಲ್ಲ. ಅರಗಿನ ಹುಳು ಕೊಂಬೆ ಮೇಲೆ ಬಿಡೋ ಅಂಟು ಅದು, ನಮ್ಮ ಚನ್ನಪಟ್ಟಣದ ಗೊಂಬೆ ಹೊಳೆಯೋದೂ ಅದರಿಂದಲೇ. ಆದರೆ ಅದು ಆಲ್ಕೋಹಾಲ್‌ನಲ್ಲಿ ಕರಗುತ್ತೆ. 2020ರ ನಂತರ ಬಾಗಿಲ ಪಕ್ಕ ಸ್ಯಾನಿಟೈಸರ್ ಬಾಟಲಿ ಇಟ್ಟವರು, ಕೈ ಒಣಗೋಕೆ ಮುಂಚೆ ರೇಲ್ ಹಿಡಿದರೆ ಏನಾಗುತ್ತೆ ಅಂತ ಯೋಚಿಸಿ. ಜೊತೆಗೆ ಬೆವರು, ಥಾಣೆ ಖಾಡಿಯ ತೇವದ ಗಾಳಿ. ಫೋಟೋ ಫ್ರೇಮಿಗೆ ಫ್ರೆಂಚ್ ಪಾಲಿಶ್ ಸೊಗಸು. ಹ್ಯಾಂಡ್‌ರೇಲ್‌ಗೆ ಬೇಡ ಅಂತಲೇ ನಾನು ಹೇಳೋದು.

ಯಾವ ಪಾಲಿಶ್ ಆದರೂ "ಹಳೇದರ ಮೇಲೇ ಒಂದು ಕೋಟ್ ಹೊಡೆದುಬಿಡ್ತೀನಿ" ಅಂದರೆ ಒಪ್ಪಬೇಡಿ. ಕೆಳಗೆ ವರ್ಷಗಟ್ಟಲೆ ಕೂತ ಕೈಯೆಣ್ಣೆ, ತಲೆಯೆಣ್ಣೆ ಇರುತ್ತೆ. ಅದರ ಮೇಲಿನ ಕೋಟ್ ಬೇಗ ಸಿಪ್ಪೆಯಂತೆ ಏಳುತ್ತೆ. ಮೊದಲು ಸೋಪಿನ ನೀರಿನ ಒದ್ದೆ ಬಟ್ಟೆ, ಒಣಗಿದ ಮೇಲೆ ಟರ್ಪೆಂಟೈನ್ ಒರೆಸು, ಆಮೇಲಷ್ಟೇ ಪಾಲಿಶ್ ಪೇಪರ್. ಊರಲ್ಲಿ ಉಪ್ಪು ಕಾಗದ ಅಂತೀವಲ್ಲ, ಅದೇ. ಒರೆಸದೆ ಉಜ್ಜಿದರೆ ಎಣ್ಣೆ ಮರದ ಒಳಕ್ಕೇ ಹೋಗುತ್ತೆ. 120, 180, 220 ನಂಬರ್, ಮರದ ಎಳೆ ಹೋದ ದಿಕ್ಕಿನಲ್ಲೇ, ಮಾಸ್ಕ್ ಹಾಕ್ಕೊಂಡು. ಬಿಲ್ಡರ್ ಹಾಕಿದ್ದು ಗಟ್ಟಿ ಸಾಗುವಾನಿಯೋ ವಿನೀರೋ ಅಂತ ರೇಲಿನ ತುದಿಯಲ್ಲಿ ನೋಡಿ. ವಿನೀರ್ ಒಂದು ಮಿಲಿಮೀಟರಿಗಿಂತ ತೆಳು, ಮೆಷಿನ್ ಇಟ್ಟರೆ ಒಂದೇ ಸಲಕ್ಕೆ ಹೋಯ್ತು. ಅಡಿಭಾಗ ಮರೀಬೇಡಿ, ಬೆರಳು ಸುತ್ತಿಕೊಳ್ಳೋದು ಅಲ್ಲೇ.

ಈಗ ನಿಜವಾಗಿ ಹೆದರಬೇಕಾದ ವಿಷಯ. ಥಿನ್ನರ್, ಟರ್ಪೆಂಟೈನ್ ಆವಿ ಗಾಳಿಗಿಂತ ಭಾರ, ಮೆಟ್ಟಿಲಲ್ಲಿ ಕೆಳಕ್ಕೆ ಇಳಿಯುತ್ತೆ. ಡ್ಯುಪ್ಲೆಕ್ಸ್‌ನಲ್ಲಿ ಕೆಳಗೆ ಏನಿರುತ್ತೆ? ಅಡುಗೆಮನೆಯ ಗ್ಯಾಸ್, ದೇವರ ದೀಪ. ಕೆಲಸದ ದಿನ ಒಲೆ, ದೀಪ, ಅಗರಬತ್ತಿ ಎಲ್ಲ ಬಂದ್. ಕಿಟಕಿ ತೆರೆದಿರಲಿ. ಎಣ್ಣೆ ಆಧಾರದ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಡಸ್ಟ್‌ಬಿನ್‌ಗೆ ಹಾಕಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮನೆ ಹೊರಗೆ, ತೆರೆದ ಜಾಗದಲ್ಲಿ, ಬಿಡಿಸಿ ಒಣಹಾಕಿ. ಇದಕ್ಕೇ ಮನೆಯೊಳಗೆ ನೀರಿನ ಆಧಾರದ ಪಿಯು ನನಗೆ ಇಷ್ಟ. ಮ್ಯಾಟ್ ಫಿನಿಶ್, ತೆಳುವಾಗಿ ಮೂರು ಕೋಟ್, ನಡುವೆ 320 ಪೇಪರಿನ ಹಗುರ ಉಜ್ಜು. ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡೋ ಪಿಯು ಕಾರ್ಖಾನೆಗೆ ಸರಿ, ಬೆಡ್‌ರೂಮ್ ಪಕ್ಕಕ್ಕಲ್ಲ.

ಕರಾವಳಿಯವರು ಕೇಳ್ತೀರಿ, ಜಂತಿಗೆ ಹಚ್ಚೋ ಗೇರೆಣ್ಣೆ ಆಗಲ್ವಾ ಅಂತ. ಗೆದ್ದಲು ಬರದಿರೋಕೆ ಅದು ಒಳ್ಳೇದೇ. ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತೆ, ಕೈ ಹಿಡಿಯೋ ಜಾಗಕ್ಕೆ ಖಂಡಿತ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಲ್ಯಾಕರ್ ಬೆಳ್ಳಗಾಗುತ್ತೆ. ನೀರಿನ ಪಿಯು ಒಣಗೋದೇ ಇಲ್ಲ ಅನ್ನಿಸುತ್ತೆ. ಡಿಸೆಂಬರ್, ಜನವರಿ ಒಳ್ಳೆ ಕಾಲ. ಇನ್ನೊಂದು, ಕೈಗೆ ಅಂಟದಿದ್ದ ಮಾತ್ರಕ್ಕೆ ಪೂರ್ತಿ ಗಟ್ಟಿಯಾಯ್ತು ಅಂತಲ್ಲ, ಒಂದು ವಾರ ಬೇಕು. ಅಪ್ಪ ಅಮ್ಮ ಮನೆಯಲ್ಲೇ ಇದ್ದರೆ ಆ ವಾರ ಅವರ ಹಾಸಿಗೆ ಕೆಳಗಿನ ಹಾಲ್‌ನಲ್ಲೇ ಹಾಕಿಕೊಡಿ. "ಪರವಾಗಿಲ್ಲ, ಗೋಡೆ ಹಿಡ್ಕೊಂಡು ಹತ್ತುತ್ತೀನಿ" ಅಂತಾರೆ, ಬಿಡಬೇಡಿ.