ಉದ್ಯಮ ಮತ್ತು ಪರಿಸರದ ಲೆಕ್ಕ



ಲಾಭ-ನಷ್ಟದಂತೆಯೇ ಪರಿಸರದ ಮೇಲಿನ ತಮ್ಮ ಹೊರೆಯ ಲೆಕ್ಕವನ್ನೂ ಬೃಹತ್ ಕಂಪೆನಿಗಳು ಒಪ್ಪಿಸಬೇಕು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪೆನಿಗಳಿಗೆ ಸೆಬಿಯು 2022-23ರಿಂದ ಇದನ್ನು ಕಡ್ಡಾಯಗೊಳಿಸಿತು.

ಅಳೆಯುವ ಕ್ರಮ ಸರಳವಾದುದು. ಕಂಪೆನಿಯ ಸ್ವಂತ ಬಾಯ್ಲರು, ಜನರೇಟರು, ವಾಹನಗಳಲ್ಲಿ ಉರಿದ ಇಂಧನ ಹಾಗೂ ಶೈತ್ಯಯಂತ್ರಗಳಿಂದ ಸೋರಿದ ಅನಿಲ ಮೊದಲನೆಯ ಬಾಬು. ಇದೇ ನೇರ ಹೊರೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದುದರಿಂದ ಇಂಧನ ಖರೀದಿಯ ರಸೀದಿಗಳೇ ಈ ಲೆಕ್ಕಕ್ಕೆ ಮುಖ್ಯ ಆಧಾರ. ಕೊಂಡ ವಿದ್ಯುತ್ತಿನದು ಎರಡನೆಯ ಬಾಬು. ಸರಬರಾಜುದಾರರು, ಗುತ್ತಿಗೆದಾರರು ಮೊದಲಾದವರ ಮೂಲಕ ಆಗುವುದು ಮೂರನೆಯದು.

ಎಚ್ಚರ ಬೇಕಾದುದು ಇಲ್ಲಿಯೇ. ಸೆಬಿಯು 2021ರಲ್ಲಿ ರೂಪಿಸಿದ ನಮೂನೆಯಲ್ಲಿ ಮೊದಲೆರಡು ಬಾಬುಗಳು ಅಗತ್ಯ, ಮೂರನೆಯದು ಐಚ್ಛಿಕ. ಕಂಪೆನಿಯೊಂದು ತನ್ನ ಲಾರಿಗಳನ್ನು ಮಾರಿ ಸಾಗಣೆಯನ್ನು ಗುತ್ತಿಗೆಗೆ ಕೊಟ್ಟರೆ ನೇರ ಹೊರೆಯ ಅಂಕಿ ಇಳಿಯುತ್ತದೆ; ರಸ್ತೆಯ ಮೇಲಿನ ಹೊಗೆ ಇಳಿಯುವುದಿಲ್ಲ. ಅಂತೆಯೇ, ವಹಿವಾಟಿನ ರೂಪಾಯಿಯೊಂದಕ್ಕೆ ಹೊರೆ ತಗ್ಗಿದರೂ ಉತ್ಪಾದನೆ ಬೆಳೆದಂತೆ ಒಟ್ಟು ಹೊರೆ ಏರಬಹುದು.

ಈ ವರದಿಗಳು ಸಾರ್ವಜನಿಕರಿಗೆ ತೆರೆದಿವೆ. ಓದುವಾಗ ನಾವು ಎರಡು ಪ್ರಶ್ನೆ ಕೇಳೋಣ: ಲೆಕ್ಕದ ಎಲ್ಲೆ ಎಲ್ಲಿಯವರೆಗೆ? ಒಟ್ಟು ಮೊತ್ತವೆಷ್ಟು? ವಾತಾವರಣವು ಗುತ್ತಿಗೆಯ ಎಲ್ಲೆಯನ್ನು ಅರಿಯದು.