ಕೆರೆಯ ದಡದ ಗಿರಣಿಯೂರು
(ಸಂಘದ ವಾರ್ಷಿಕೋತ್ಸವಕ್ಕೆ ಆಗಮಿಸಿದ ಅತಿಥಿಗಳನ್ನು ಸ್ವಾಗತಿಸುತ್ತ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಾಳೆ ತಾವೆಲ್ಲರೂ ಊರು ನೋಡಲು ಹೊರಡುವಿರಿ. ಅದಕ್ಕೆ ಮುಂಚೆ ನಮ್ಮ ಸೊಲ್ಲಾಪುರವನ್ನು ನಾಲ್ಕು ಮಾತುಗಳಲ್ಲಿ ಪರಿಚಯಿಸಬೇಕೆಂದು ಸಂಘದ ಹಿರಿಯರು ನಮಗೆ ಅಪ್ಪಣೆ ಕೊಟ್ಟಿದ್ದಾರೆ.

ಮೊದಲು ಕೆರೆಯ ದಡಕ್ಕೆ ಬನ್ನಿರಿ. 12ನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಮಳೆ ಕಡಿಮೆಯಾದ ಈ ಬಿಸಿಲುನಾಡಿನಲ್ಲಿ ನೀರು ನಿಲ್ಲಿಸುವುದೂ ಶಿವಪೂಜೆಯೇ ಎಂದು ಬಗೆದು ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದರು. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ವನ್ನು ಬರೆದದ್ದು ಇವರನ್ನು ಕುರಿತೇ. ನೀರಿನ ನಡುವೆ ಸಿದ್ಧೇಶ್ವರನ ಗುಡಿ, ದಡದಲ್ಲಿ ಹಳೆಯ ಕೋಟೆ. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುವ ಸೊಬಗನ್ನು ಕಂಡೇ ತಿಳಿಯಬೇಕು.

1860ರಲ್ಲಿ ರೈಲು ಬಂದಿತು. ಅದರ ಬೆನ್ನಿಗೆ ಹತ್ತಿಯ ಗಿರಣಿಗಳು ಬಂದವು. ಕನ್ನಡಿಗರು, ಮರಾಠಿಗರು, ತೆಲಂಗಾಣದ ಪದ್ಮಶಾಲಿಗಳು, ಉರ್ದು ಮಾತಿನವರು ಒಂದೇ ಮಗ್ಗದ ಹಾಸುಹೊಕ್ಕಾದರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಊರು ಸಿಡಿದೆದ್ದಾಗ ಸರಕಾರವು ಇಲ್ಲಿ ಲಷ್ಕರಿ ಕಾಯಿದೆಯನ್ನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಎಂಬ ನಾಲ್ವರು ಗಲ್ಲಿಗೇರಿದರು. ಅವರ ಹೆಸರಿನ ಚೌಕದಲ್ಲಿ ಒಂದು ಕ್ಷಣ ನಿಲ್ಲಿರಿ.

ಬಾಲ್ಯದಲ್ಲಿ ನಮಗೆ ಗಡಿಯಾರದ ಅಗತ್ಯವಿರಲಿಲ್ಲ. ಗಿರಣಿಯ ಭೋಂಗಾ ಕೂಗಿದರೆ ತಂದೆಯವರು ಪಾಳಿಗೆ ಹೊರಡುವರು. ನಾವು ಪಾಟಿ ಹಿಡಿದು ಶಾಲೆಗೆ ಹೊರಡುವೆವು. ಒಂದು ದಿನ ಅದು ಕೂಗಲಿಲ್ಲ. ಮರುದಿನವೂ ಕೂಗಲಿಲ್ಲ. ಅಂದಿನಿಂದ ಮನೆ ನಡೆದದ್ದು ತಾಯಿಯವರು ಬೀಡಿ ಸುತ್ತಿದ ಕಾಸಿನಿಂದ. ನಮ್ಮ ತರಗತಿಯ ಎಷ್ಟೋ ಗೆಳೆಯರು ಅದೇ ವರ್ಷ ಶಾಲೆ ಬಿಟ್ಟರು.

ಆದರೂ ಊರು ಸಾಯಲಿಲ್ಲ. ದೊಡ್ಡ ಗಿರಣಿಗಳು ನಿಂತರೂ ಓಣಿಯ ವಿದ್ಯುನ್ಮಗ್ಗಗಳು ನಿಲ್ಲಲಿಲ್ಲ. ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಶಾಲೆಯ ಸಮವಸ್ತ್ರ ಹೊಲಿಯುವ ಉದ್ಯಮ ಬೆಳೆಯಿತು. 2004ರಲ್ಲಿ ವಿಶ್ವವಿದ್ಯಾಲಯ ಬಂದಿತು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ನಮ್ಮ ಊರೂ ಸೇರಿತು. 2024ರ ಜನವರಿಯಲ್ಲಿ ಕುಂಭಾರಿಯ ಬಳಿ ನೇಕಾರರು, ಬೀಡಿ ಕಾರ್ಮಿಕರು ಮೊದಲಾದ ದುಡಿಯುವವರಿಗಾಗಿ ಕಟ್ಟಿದ 15,000 ಮನೆಗಳ ಲೋಕಾರ್ಪಣೆಯಾಯಿತು. ಬಾಡಿಗೆಯ ಕೋಣೆಯಲ್ಲಿ ಬಾಳು ಸವೆಸಿದವರಿಗೆ ಸ್ವಂತ ಬಾಗಿಲೊಂದು ದೊರೆಯುವುದು ಸಣ್ಣ ಮಾತಲ್ಲ.

ಹಾಗಿದ್ದರೂ, ಮಹನೀಯರೇ, ದಡದ ದೀಪಗಳನ್ನು ಕಂಡಷ್ಟಕ್ಕೇ ಊರು ಚೇತರಿಸಿತೆಂದು ನಾವು ಹೇಳಲಾರೆವು. ಕೆರೆ ಕಟ್ಟಿಸಿದಾತನು ಆಡಿದ ಮಾತು ಕನ್ನಡ. ಆತನ ವಚನಗಳನ್ನು ಓದಬಲ್ಲ ಮಕ್ಕಳು ನಮ್ಮ ಬೆಂಚುಗಳ ಮೇಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ತಂದೆತಾಯಿಗಳನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಹೊಟ್ಟೆಯ ಪಾಡು ಅವರನ್ನು ಬೇರೆ ಶಾಲೆಗಳ ಬಾಗಿಲಿಗೆ ಒಯ್ಯುತ್ತದೆ. ಆ ಹೊಟ್ಟೆಯ ಪಾಡನ್ನು ನಾವೂ ಉಂಡವರೇ.

ಆದುದರಿಂದ ತಮ್ಮಲ್ಲಿ ಒಂದು ಬಿನ್ನಹ. ಚಾದರ ಕೊಳ್ಳಿರಿ, ಜೋಳದ ರೊಟ್ಟಿಯೊಡನೆ ನಮ್ಮ ಶೇಂಗಾ ಚಟ್ನಿಯನ್ನು ಸವಿಯಿರಿ. ಆಮೇಲೆ ಮಗ್ಗದ ಸದ್ದು ಕೇಳುವ ಒಂದು ಓಣಿಯನ್ನು ಹೊಕ್ಕು, ಯಾವುದಾದರೊಂದು ಮಗುವನ್ನು ಕನ್ನಡದಲ್ಲಿ ಮಾತನಾಡಿಸಿರಿ. ತನ್ನ ಮನೆಯ ಮಾತನ್ನು ದೂರದಿಂದ ಬಂದ ದೊಡ್ಡವರೂ ಆಡುತ್ತಾರೆಂದು ಅದಕ್ಕೆ ತಿಳಿಯಲಿ. ತಾವು ನಮ್ಮ ಊರಿಗೆ ಕೊಡಬಹುದಾದ ಕಾಣಿಕೆ ಅದೇ.

ತಮಗೆಲ್ಲರಿಗೂ ಸೊನ್ನಲಿಗೆಗೆ ಸುಸ್ವಾಗತ.